ಉತ್ತರದಷ್ಟೇ ಕ್ರಮವೂ ಮುಖ್ಯ

(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಗಣಿತದ ಲೆಕ್ಕಕ್ಕೆ ಉತ್ತರವೊಂದನ್ನೇ ಬರೆದರೆ ನಮ್ಮ ಮೇಷ್ಟ್ರು ಪೂರ್ಣ ಅಂಕ ಕೊಡುವುದಿಲ್ಲ. ಪ್ರತಿ ಹಂತಕ್ಕೂ ಅಂಕವಿದೆ. ವಿಜ್ಞಾನದ ರೆಕಾರ್ಡ್ ಪುಸ್ತಕದಲ್ಲೂ ಉದ್ದೇಶ, ಸಾಮಗ್ರಿ, ವಿಧಾನ, ವೀಕ್ಷಣೆ ಬರೆದ ಮೇಲೆಯೇ ತೀರ್ಮಾನ. ಇದು ಬರೀ ಪರೀಕ್ಷೆಯ ನಿಯಮವಲ್ಲ. ಇಂದು ಸಂಶೋಧನೆಯ ಲೆಕ್ಕಗಳೆಲ್ಲ ಕಂಪ್ಯೂಟರ್‌ನಲ್ಲೇ ನಡೆಯುತ್ತವೆ. ಅಲ್ಲಿ ಕ್ರಮ ತೋರಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ.

2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು ಒಂದು ಪ್ರಬಂಧ ಪ್ರಕಟಿಸಿದರು. ಮುಂದುವರಿದ ದೇಶವೊಂದರ ಸಾಲ ಅದರ ಜಿಡಿಪಿಯ ಶೇ. 90 ದಾಟಿದರೆ ಬೆಳವಣಿಗೆಯ ಸರಾಸರಿ ಶೇ. -0.1ಕ್ಕೆ ಕುಸಿಯುತ್ತದೆ ಎಂದಿತು ಅದು. ಯುರೋಪ್, ಅಮೆರಿಕಗಳಲ್ಲಿ ಸರ್ಕಾರದ ಖರ್ಚು ಕಡಿಮೆ ಮಾಡಬೇಕೆಂದವರು ಇದನ್ನೇ ಆಧಾರವಾಗಿ ತೋರಿಸಿದರು. ಸರ್ಕಾರದ ಖರ್ಚು ಎಂದರೆ ಶಾಲೆ, ಆಸ್ಪತ್ರೆ, ಪಿಂಚಣಿ. ಸರ್ಕಾರಿ ಶಾಲೆಯಲ್ಲಿ ಓದಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ತನ್ನ ತರಗತಿಯ ಅಭ್ಯಾಸಕ್ಕಾಗಿ ಆ ಲೆಕ್ಕವನ್ನು ಮತ್ತೆ ಮಾಡಹೊರಟ. ಎಷ್ಟು ಮಾಡಿದರೂ ಅದೇ ಉತ್ತರ ಬರಲಿಲ್ಲ. ಕೇಳಿದಾಗ ಲೇಖಕರು ತಮ್ಮ ಎಕ್ಸೆಲ್ ಹಾಳೆಯನ್ನೇ ಕಳುಹಿಸಿದರು. ನೋಡಿದರೆ, ಸರಾಸರಿಯ ಸೂತ್ರ 20 ದೇಶಗಳ ಪೈಕಿ ಐದು ಸಾಲುಗಳನ್ನು ಬಿಟ್ಟಿತ್ತು: ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್. ಜೊತೆಗೆ ಕೆಲವು ವರ್ಷಗಳ ದತ್ತಾಂಶ ಸೇರಿರಲಿಲ್ಲ, ಸರಾಸರಿ ತೆಗೆದ ರೀತಿಯೂ ಪ್ರಶ್ನಾರ್ಹವಾಗಿತ್ತು. ಹರ್ನ್‌ಡನ್ ಮತ್ತು ಅವರ ಇಬ್ಬರು ಅಧ್ಯಾಪಕರು ಇವೆಲ್ಲವನ್ನೂ ಸರಿಪಡಿಸಿ 2013ರಲ್ಲಿ ಪ್ರಕಟಿಸಿದ ಉತ್ತರ ಶೇ. 2.2. ಮೂಲ ಲೇಖಕರು ಸೂತ್ರದ ತಪ್ಪನ್ನು ಒಪ್ಪಿಕೊಂಡರು. ಹೆಚ್ಚು ಸಾಲವಿದ್ದಲ್ಲಿ ಬೆಳವಣಿಗೆ ಕಡಿಮೆ ಎಂಬ ಮಾತನ್ನು ಮಾತ್ರ ಬಿಡಲಿಲ್ಲ.

ದೊಡ್ಡವರೂ ತಪ್ಪುತ್ತಾರೆ ಎನ್ನುವುದು ಹೊಸ ಮಾತಲ್ಲ. ಆ ಹಾಳೆ ಮೊದಲ ದಿನವೇ ಎಲ್ಲರ ಕೈಗೆ ಸಿಕ್ಕಿದ್ದರೆ ತಪ್ಪು ತಿಳಿಯಲು ಮೂರು ವರ್ಷ ಬೇಕಾಗುತ್ತಿರಲಿಲ್ಲ ಎಂಬುದೇ ನಾವು ಕಲಿಯಬೇಕಾದ ಪಾಠ.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಮೂಲ ದತ್ತಾಂಶವನ್ನು ತಿದ್ದದೆ ಬೇರೆಯಾಗಿ ಇಡಬೇಕು. ಪ್ರತಿ ಕಾಲಂನ ಅರ್ಥ, ಅಳತೆಯ ಮಾನ ಬರೆದಿಡಬೇಕು. ಕೈಯಿಂದ ತಿದ್ದುವ ಬದಲು ಪ್ರೋಗ್ರಾಂ ಬರೆದು ಲೆಕ್ಕ ಮಾಡಿದರೆ ಪ್ರತಿ ಹೆಜ್ಜೆಯೂ ದಾಖಲಾಗುತ್ತದೆ. ಯಾವ ತಂತ್ರಾಂಶದ ಯಾವ ಆವೃತ್ತಿ ಬಳಸಿದೆವು ಎಂಬುದೂ ಬೇಕು. ಬೇರೆಯವರು ಬಳಸಬಹುದೇ ಎಂಬ ಪರವಾನಗಿಯನ್ನೂ ಸ್ಪಷ್ಟಪಡಿಸಬೇಕು. ಇಷ್ಟು ಮಾಡಿ ಜೆನೊಡೊದಂಥ ಉಚಿತ ಭಂಡಾರದಲ್ಲಿಟ್ಟರೆ ಆ ಕೆಲಸಕ್ಕೆ ಶಾಶ್ವತ ಗುರುತಿನ ಸಂಖ್ಯೆ ಸಿಗುತ್ತದೆ. ಮುಂದೆ ಬರುವವರು ಅದನ್ನು ಪರೀಕ್ಷಿಸಬಹುದು, ಅದರ ಮೇಲೆಯೇ ಮುಂದಿನ ಕೆಲಸ ಕಟ್ಟಬಹುದು.

ಮಕ್ಕಳೇ, ಇದನ್ನು ನಮ್ಮ ಶಾಲೆಯಲ್ಲೇ ಆರಂಭಿಸಬಹುದು. ಪ್ರತಿ ವರ್ಷ ವಿಜ್ಞಾನ ಪ್ರಾಜೆಕ್ಟ್ ಮಾಡುತ್ತೀರಿ. ಊರಿನ ಬಾವಿಯ ನೀರಿನ ಮಟ್ಟವನ್ನೋ ಮಳೆಯನ್ನೋ ಅಳೆಯುವುದಾದರೆ, ಎಲ್ಲಿ, ಯಾವ ದಿನ, ಯಾವುದರಿಂದ ಅಳೆದಿರಿ ಎಂದು ಬರೆದು ಗ್ರಂಥಾಲಯಕ್ಕೆ ಕೊಡಿ. ಮುಂದಿನ ವರ್ಷದವರು ಅದೇ ಜಾಗದಲ್ಲಿ ಅದೇ ರೀತಿ ಅಳೆಯಲಿ. ಒಂದು ವರ್ಷದ ಅಳತೆ ಒಂದು ಪ್ರಾಜೆಕ್ಟ್ ಅಷ್ಟೇ. ಹತ್ತು ವರ್ಷದ ಅಳತೆ ಊರಿನ ಆಸ್ತಿ. ಪಂಚಾಯಿತಿಯ ಮುಂದಿಟ್ಟು ಮಾತಾಡಬಹುದಾದ ಸಾಕ್ಷಿ.