ಬೆಟ್ಟದಿಂದ ಪಾಠ ಕಲಿತ ವಾಸ್ತುಶಿಲ್ಪಿ



1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಜನಿಸಿ, 2007ರ ಏಪ್ರಿಲ್ 1ರಂದು ತಿರುವನಂತಪುರದಲ್ಲಿ ಕಣ್ಮುಚ್ಚಿದ ಲಾರಿ ಬೇಕರ್ ವೃತ್ತಿಯಿಂದ ವಾಸ್ತುಶಿಲ್ಪಿ. ಆದರೆ ಯುದ್ಧಕಾಲದ ಚೀನಾದಲ್ಲಿ ಅವರು ಗಾಯಾಳುಗಳ ಹಾಗೂ ಕುಷ್ಠರೋಗಿಗಳ ಶುಶ್ರೂಷೆಗೆ ನಿಂತರು. ಶಸ್ತ್ರಚಿಕಿತ್ಸೆಯ ವೇಳೆ ಅರಿವಳಿಕೆ ನೀಡುವುದನ್ನೂ ಕಲಿತಿದ್ದರು. ವ್ಯಂಗ್ಯಚಿತ್ರ ಬರೆಯುತ್ತಿದ್ದರು. ಕಡಿಮೆ ವೆಚ್ಚದಲ್ಲಿ ಮನೆ ಕಟ್ಟುವ ಬಗೆಯನ್ನು ತಿಳಿಸುವ ಕಿರುಹೊತ್ತಗೆಗಳನ್ನು ತಮ್ಮದೇ ಚಿತ್ರಗಳೊಡನೆ ರಚಿಸಿದರು. ಎದುರಿಗಿರುವ ಮನುಷ್ಯನಿಗೆ ನಿಜವಾಗಿ ಬೇಕಾದುದೇನು ಎಂಬ ಒಂದೇ ಪ್ರಶ್ನೆ ಈ ಎಲ್ಲ ಆಸಕ್ತಿಗಳನ್ನೂ ಬೆಸೆದಿತ್ತು.

ಚೀನಾದಿಂದ ಮರಳುವಾಗ, ಹಡಗಿಗಾಗಿ ಮುಂಬಯಿಯಲ್ಲಿ ಕಾದಿದ್ದ ದಿನಗಳಲ್ಲಿ ಅವರು ಗಾಂಧೀಜಿಯವರನ್ನು ಕಂಡರು. ಮನೆಗೆ ಬೇಕಾದ ಸಾಮಗ್ರಿ ಐದು ಮೈಲಿಯೊಳಗೇ ದೊರೆಯಬೇಕೆಂಬ ಗಾಂಧೀಜಿಯವರ ವಿಚಾರ ಅವರಲ್ಲಿ ಬೇರೂರಿತು. 1945ರಲ್ಲಿ ಭಾರತಕ್ಕೆ ಬಂದು ಕುಷ್ಠರೋಗಿಗಳ ಆಸ್ಪತ್ರೆಗಳ ಕಟ್ಟಡದ ಕೆಲಸ ಕೈಗೊಂಡರು. 1948ರಲ್ಲಿ ವೈದ್ಯೆ ಎಲಿಜಬೆತ್ ಅವರನ್ನು ವಿವಾಹವಾದರು. ದಂಪತಿಗಳು ಹಿಮಾಲಯದ ಪಿಥೋರಾಗಢದಲ್ಲಿ ಸುಮಾರು 15 ವರ್ಷ ನೆಲೆಸಿ ಗುಡ್ಡಗಾಡಿನ ಜನರಿಗಾಗಿ ಆಸ್ಪತ್ರೆ ನಡೆಸಿದರು.

ಕಾಲೇಜಿನಲ್ಲಿ ಓದಿದ ಪಾಠ ಅಲ್ಲಿ ಸಾಲದಾಯಿತು. ಕಲ್ಲು, ಮಣ್ಣು, ಮರಗಳಿಂದ ಹಳ್ಳಿಗರು ಕಟ್ಟಿಕೊಂಡ ಮನೆಗಳು ಚಳಿ, ಮಳೆ, ಇಳಿಜಾರು ಎಲ್ಲಕ್ಕೂ ಹೊಂದಿಕೊಂಡಿದ್ದವು. ಅವುಗಳಲ್ಲಿ ತಲೆಮಾರುಗಳ ಅನುಭವ ಅಡಗಿದೆಯೆಂದು ಮನಗಂಡ ಬೇಕರ್, ಊರಿನ ಕಸುಬುದಾರರನ್ನೇ ಗುರುಗಳೆಂದು ಭಾವಿಸಿದರು.

1963ರಲ್ಲಿ ಕೇರಳಕ್ಕೆ ಬಂದ ಮೇಲೂ ಆ ಪಾಠವನ್ನು ಅವರು ಮರೆಯಲಿಲ್ಲ. 1970ರ ದಶಕದಲ್ಲಿ ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರವನ್ನು ಕಟ್ಟುವಾಗ ಗುಡ್ಡವನ್ನು ಸಮತಟ್ಟು ಮಾಡಲಿಲ್ಲ. ಕಟ್ಟಡಗಳೇ ಇಳಿಜಾರನ್ನು ಅನುಸರಿಸಿದವು, ಮರಗಳನ್ನು ಬಳಸಿಕೊಂಡು ಬಾಗಿದವು. ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಗೋಡೆ ಕಟ್ಟುವ ವಿಧಾನದಿಂದ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯಿತು. ಮನೆಯೊಳಗೆ ತಂಪೂ ಉಳಿಯಿತು. ತಾರಸಿಯ ಕೆಳಭಾಗದಲ್ಲಿ, ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲದ ಕಡೆ, ಹಳೆಯ ಮಂಗಳೂರು ಹೆಂಚುಗಳನ್ನು ಹುದುಗಿಸಿ ಸಿಮೆಂಟು ಉಳಿಸಿದರು. 1990ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಬೆಟ್ಟದ ಮಕ್ಕಳಿಗೆ ಈ ಬದುಕು ದೂರದ ಕತೆಯಲ್ಲ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಅತಿವೃಷ್ಟಿಯ ಜೊತೆಗೆ ಕಟ್ಟಡಗಳಿಗಾಗಿ ಇಳಿಜಾರನ್ನು ಕಡಿದುದೂ ಕಾರಣವೆಂದು ಭೂವಿಜ್ಞಾನಿಗಳು ಗುರುತಿಸಿದರು. ಆದ್ದರಿಂದ ಮನೆಗೆ ಪಾಯ ತೋಡುವ ಮುನ್ನ ಒಂದು ಮಳೆಗಾಲ ಆ ಜಾಗದಲ್ಲಿ ನಡೆದಾಡಿರಿ. ನೀರು ಎತ್ತ ಹರಿಯುವುದೆಂದು ನೋಡಿರಿ. ಊರಿನ ಹಿರಿಯ ಮೇಸ್ತ್ರಿಯನ್ನು ಕೇಳಿರಿ. ಬೇಕರ್ ಅವರಿಗೆ ಸಲ್ಲಿಸಬೇಕಾದ ಗೌರವವೂ ಅದೇ, ನಾಳಿನ ಮಳೆಗೆ ಮಾಡಿಕೊಳ್ಳುವ ಸಿದ್ಧತೆಯೂ ಅದೇ.