ಗದ್ದೆಯ ಅಂಚಿನ ಹೂವುಗಳು

(ಕನ್ಯಾಮರಿಯಮ್ಮನವರ ಜನನೋತ್ಸವ ಹಾಗೂ ತೆನೆ ಹಬ್ಬದಂದು ಮಲೆನಾಡಿನ ಒಂದು ಧರ್ಮಕೇಂದ್ರದಲ್ಲಿ ನೀಡಿದ ಪ್ರಬೋಧನೆ. ಶುಭಸಂದೇಶ: ಮತ್ತಾಯ 1:1-16, 18-23)



ಕಳೆದ ಒಂಬತ್ತು ದಿನಗಳಿಂದ ನಮ್ಮ ಮಕ್ಕಳು ಮಳೆಯನ್ನೂ ಲೆಕ್ಕಿಸದೆ ಬಂದು ಬಾಲೆ ಮರಿಯಳಿಗೆ ಹೂ ಅರ್ಪಿಸಿದ್ದಾರೆ. ಪ್ರತಿ ದಿನ ಪ್ರಾರ್ಥನೆ ಮುಗಿದ ಮೇಲೆ ನಾನು ಅವರ ಬುಟ್ಟಿಗಳನ್ನು ನೋಡುತ್ತಿದ್ದೆ. ಸೇವಂತಿಗೆ, ಚೆಂಡುಹೂ, ಪ್ಲಾಸ್ಟಿಕ್ ಹಾಳೆ ಸುತ್ತಿದ ಗುಲಾಬಿ. ಬಹುಪಾಲು ಪೇಟೆಯಿಂದ ತಂದದ್ದು. ಒಬ್ಬ ಹುಡುಗನನ್ನು ಕೇಳಿದೆ, "ಏನು ಮಗಾ, ಮನೆ ಹತ್ತಿರ ಹೂವಿಲ್ಲವಾ?" ಅವನು, "ಇಲ್ಲ ಫಾದರ್, ಅಲ್ಲೆಲ್ಲ ಇಂಟರ್‌ಲಾಕ್ ಹಾಕಿಸಿದ್ದಾರೆ" ಎಂದ. ಹುಡುಗನದು ತಪ್ಪಲ್ಲ. ಇರುವ ಕೆಲಸದ ನಡುವೆ ಹೂ ಕೊಂಡು ಕೊಟ್ಟ ಅವನ ತಾಯಿಯದೂ ತಪ್ಪಲ್ಲ.

ನಮ್ಮ ಬಾಲ್ಯದಲ್ಲಿ ಈ ಹಬ್ಬಕ್ಕೆ ದುಡ್ಡು ಕೊಟ್ಟು ಹೂ ತರುವುದು ಎಂದರೇನೆಂದೇ ಗೊತ್ತಿರಲಿಲ್ಲ. ಗದ್ದೆಯ ಬದುವಿನಲ್ಲಿ ತುಂಬೆ, ಬೇಲಿಯಲ್ಲಿ ಕೇಪಳ ಮತ್ತು ದಾಸವಾಳ, ತೋಡಿನ ಪಕ್ಕದಲ್ಲಿ ಕರ್ಣಕುಂಡಲ, ಗುಡ್ಡದ ಬುಡದಲ್ಲಿ ನೇರಳೆ ಬಣ್ಣದ ನೆಕ್ಕರಿಕ. ದಾಸವಾಳವೊಂದನ್ನು ಬಿಟ್ಟರೆ ಉಳಿದವನ್ನು ಯಾರೂ ನೆಟ್ಟವರಲ್ಲ, ಯಾರೂ ನೀರು ಹಾಕಿದವರಲ್ಲ. ನೀವೇ ನೆನಪು ಮಾಡಿಕೊಳ್ಳಿ, ಅವೆಲ್ಲ ಎಲ್ಲಿ ಬೆಳೆಯುತ್ತಿದ್ದವು? ಗದ್ದೆಯ ನಡುವೆ ಅಲ್ಲ, ಅಂಗಳದ ನಡುವೆಯೂ ಅಲ್ಲ. ಅಂಚಿನಲ್ಲಿ. ಇವತ್ತು ಮಧ್ಯಾಹ್ನ ನಿಮ್ಮ ಎಲೆಯ ಮೇಲೆ ಬಡಿಸುವ ಕೆಸುವಿನ ದಂಟು ಕೂಡ ಅಂಚಿನದೇ.

ಈಗ ಶುಭಸಂದೇಶಕ್ಕೆ ಬರೋಣ. ಇಂದಿನ ವಾಚನ ಬರೀ ಹೆಸರುಗಳ ಪಟ್ಟಿ. ಓದುವ ಗುರುವಿನ ನಾಲಿಗೆ ತೊಡರುತ್ತದೆ, ಕೇಳುವವರಿಗೆ ಆಕಳಿಕೆ ಬರುತ್ತದೆ. ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು ತಲೆಮಾರು ಎಂದು ಸಂತ ಮತ್ತಾಯರು ಲೆಕ್ಕ ಕೊಡುತ್ತಾರೆ. ಈ ಗಂಡಸರ ಸಾಲಿನಲ್ಲಿ ಮರಿಯಮ್ಮನವರಿಗಿಂತ ಮೊದಲು ನಾಲ್ವರು ಹೆಂಗಸರಿದ್ದಾರೆ. ಅವರಲ್ಲಿ ಒಬ್ಬಳು ರೂತ್. ಮೋವಾಬ್ ನಾಡಿನ ಪರದೇಶಿ, ವಿಧವೆ, ಕೈಯಲ್ಲಿ ಕಾಸಿಲ್ಲ. ಅತ್ತೆಯ ಜೊತೆ ಬೆತ್ಲೆಹೇಮಿಗೆ ಬಂದಾಗ ಜವೆಗೋಧಿಯ ಕೊಯ್ಲು ಆಗತಾನೇ ಶುರುವಾಗಿತ್ತು. ಅವಳು ಹೋಗಿ ಬೋವಜನ ಹೊಲದಲ್ಲಿ ಬಿದ್ದ ತೆನೆ ಆಯ್ದಳು.

ಯಾವ ಹಕ್ಕಿನಿಂದ ಆಯ್ದಳು? ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ದೇವರೇ ಕೊಟ್ಟ ಕಟ್ಟಳೆ ಇದೆ: ಕೊಯ್ಯುವಾಗ ಹೊಲದ ಅಂಚಿನ ತನಕ ಕೊಯ್ಯಬಾರದು, ಅದು ಬಡವರಿಗೂ ಪರದೇಶಿಗಳಿಗೂ ಬಿಟ್ಟದ್ದು. ಅದೇ ಕಟ್ಟಳೆ 23ನೇ ಅಧ್ಯಾಯದಲ್ಲಿ ಇನ್ನೊಮ್ಮೆ ಬರುತ್ತದೆ. ಎಲ್ಲಿ ಗೊತ್ತೇ? ಹಬ್ಬಗಳ ನಿಯಮಗಳ ನಡುವೆ, ಸುಗ್ಗಿಯ ಹಬ್ಬದ ವಿಧಿಗಳನ್ನು ಹೇಳಿದ ಬೆನ್ನಿಗೇ. ಅಂದರೆ ತೆನೆ ಹಬ್ಬ ಮಾಡುವವನೇ ಅಂಚನ್ನೂ ಉಳಿಸಬೇಕು. ಬೋವಜ ಉಳಿಸಿದ. ಅದಷ್ಟೇ ಅಲ್ಲ, ಕಟ್ಟಿದ ಹೊರೆಯಿಂದಲೂ ಒಂದಿಷ್ಟು ಬೇಕೆಂದೇ ಬೀಳಿಸಿರಿ ಎಂದು ಆಳುಗಳಿಗೆ ಹೇಳಿದ. ಆ ಅಂಚಿನಲ್ಲಿ ತೆನೆ ಆಯ್ದವಳು ದಾವೀದರಸನ ಮುತ್ತಜ್ಜಿಯಾದಳು. ಬೋವಜ ಲೆಕ್ಕಾಚಾರದ ಮನುಷ್ಯನಾಗಿ ಕೊನೆಯ ಕಡ್ಡಿಯವರೆಗೂ ಕೊಯ್ದಿದ್ದರೆ, ಇಂದು ನಾವು ಓದಿದ ಪಟ್ಟಿಯಲ್ಲಿ ರೂತಳ ಹೆಸರು ಹೇಗೆ ಬರುತ್ತಿತ್ತು?

ಬೋವಜನ ಕಾಲವಾಗಿ ಎಷ್ಟೋ ಶತಮಾನಗಳ ಮೇಲೆ ಅಸಿಸ್ಸಿಯ ಸಂತ ಫ್ರಾನ್ಸಿಸರು ಇದೇ ಕೆಲಸವನ್ನು ತೋಟದಲ್ಲಿ ಮಾಡಿದರು. ಅವರ ಜೀವನಚರಿತ್ರೆ ಬರೆದ ಸೆಲಾನೋದ ಥಾಮಸ್ ಹೇಳುತ್ತಾರೆ: ಮಠದ ತೋಟ ನೋಡಿಕೊಳ್ಳುವ ಸಹೋದರನಿಗೆ ಫ್ರಾನ್ಸಿಸರು, ಎಲ್ಲವನ್ನೂ ಅಗೆದು ತರಕಾರಿ ಹಾಕಬೇಡ, ಸುತ್ತಲಿನ ಅಂಚನ್ನು ಹಾಗೇ ಬಿಡು, ಅಲ್ಲಿ ಏಳುವ ಹುಲ್ಲು ಹೂವುಗಳು ಸೃಷ್ಟಿಕರ್ತನನ್ನು ಸಾರಲಿ ಎಂದರಂತೆ. ಸೌದೆ ಕಡಿಯುವವರಿಗೆ, ಮರ ಮತ್ತೆ ಚಿಗುರುವ ಹಾಗೆ ಬುಡ ಬಿಟ್ಟು ಕಡಿಯಿರಿ ಎಂದರಂತೆ. ವಿಶ್ವಗುರು ಫ್ರಾನ್ಸಿಸರು 2015ರಲ್ಲಿ ಬರೆದ 'ಲಾವ್ದಾತೋ ಸಿ' ವಿಶ್ವಪತ್ರದ 12ನೇ ಪರಿಚ್ಛೇದದಲ್ಲಿ ಮಠದ ತೋಟದ ಈ ಸಂಗತಿಯನ್ನೇ ನೆನಪಿಸಿದ್ದಾರೆ. ಬಡ ಸನ್ಯಾಸಿಗಳ ಮಠ ಅದು. ಅಲ್ಲಿ ಒಂದು ಪಾತಿ ತರಕಾರಿಗೂ ಬೆಲೆಯಿತ್ತು.

ಈಗ ನನ್ನ ತಪ್ಪೊಪ್ಪಿಗೆ. ಈ ಧರ್ಮಕೇಂದ್ರಕ್ಕೆ ಬಂದ ಎರಡನೆಯ ವರ್ಷ, ಮಾತೆಯ ಗವಿಗೂ ಸಮಾಧಿಸ್ಥಳಕ್ಕೂ ನಡುವೆ ಇರುವ ಆ ಹತ್ತು ಸೆಂಟ್ಸ್ ಜಾಗಕ್ಕೆ ಕಳೆನಾಶಕ ಹೊಡೆಸಿದವನು ನಾನೇ. ಯಾರನ್ನೂ ಕೇಳಲಿಲ್ಲ. ಪಾಳು ಬಿದ್ದಂತೆ ಕಾಣುತ್ತದೆ, ಹೊರಗಿನವರು ಬಂದರೆ ಮರ್ಯಾದೆಯಲ್ಲ ಎಂದುಕೊಂಡೆ. ಮೆಕ್ಸಿಕನ್ ಹುಲ್ಲು ಹಾಸಿಸಿದೆ, ಬದಿಗೆ ಕ್ರೋಟನ್ ನೆಡಿಸಿದೆ. ಫೋಟೋದಲ್ಲಿ ಬಹಳ ಚೆನ್ನಾಗಿ ಬಂತು! ಆದರೆ ಏಪ್ರಿಲ್ ಬಂದಾಗ ಆ ಹುಲ್ಲಿಗೆ ದಿನಕ್ಕೆರಡು ಸಲ ನೀರು ಬೇಕಾಯಿತು, ಬಾವಿಯ ತಳ ಕಂಡಿತು. ಒಬ್ಬ ಅಜ್ಜಿ ಬಂದು, "ಫಾದರ್, ಇಲ್ಲಿ ಒಂದೆಲಗ ಇತ್ತಲ್ಲ, ಚಟ್ನಿಗೆ ಒಯ್ಯುತ್ತಿದ್ದೆ" ಎಂದರು. "ಕ್ಲೀನ್ ಮಾಡಿಸಿದೆ ಅಮ್ಮಾ" ಎಂದೆ. ಅವರು ಏನೂ ಹೇಳದೆ ಹೋದರು. ಈಗ ಅವರು ಅದೇ ಜಾಗದ ಆಚೆ ಬದಿಯಲ್ಲಿ ವಿಶ್ರಮಿಸುತ್ತಿದ್ದಾರೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಆ ಮಾತು ಕೇಳಿಸುತ್ತದೆ.

ಹುಲ್ಲು ಸತ್ತಿದೆ. ಜಾಗ ಖಾಲಿಯಿದೆ. ಕಾರು ನಿಲ್ಲಿಸಲು ಅಲ್ಲಿ ಇಂಟರ್‌ಲಾಕ್ ಹಾಕಬೇಕೆಂಬ ಪ್ರಸ್ತಾಪ ಪಾಲನಾ ಪರಿಷತ್ತಿನ ಮುಂದಿದೆ. ಬರುವ ಭಾನುವಾರ ತೀರ್ಮಾನ. ಇದಕ್ಕೆ ಬದಲಾಗಿ ನನ್ನ ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ.

ಕಾಫಿ ಸೀಮೆಯವರಾದ ನಿಮಗೆ ಇದನ್ನು ವಿವರಿಸುವುದು ಸುಲಭ. ಹಳೆಯ ಕಾಫಿ ತೋಟವನ್ನು ನೋಡಿ. ಎಲ್ಲಕ್ಕಿಂತ ಮೇಲೆ ಅತ್ತಿ, ಹಲಸು, ಹೊನ್ನೆ, ನಂದಿ. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಅದರ ಕೆಳಗೆ ಕಾಫಿ. ಕಾಫಿಯ ಕೆಳಗೆ ತರಗೆಲೆ, ಅಣಬೆ, ಸಣ್ಣ ಸೊಪ್ಪುಸದೆ. ಮಹಡಿಯ ಮೇಲೆ ಮಹಡಿ. ಮಳೆಯ ಹನಿ ಮೇಲಿನಿಂದ ಎಲೆಯಿಂದ ಎಲೆಗೆ ಇಳಿದು ನೆಲ ಮುಟ್ಟುವಾಗ ಅದರ ಸೊಕ್ಕು ಅಡಗಿರುತ್ತದೆ, ಮಣ್ಣು ಕೊಚ್ಚಿಹೋಗುವುದಿಲ್ಲ. ಒಂದರ ಬೇರು ಆಳಕ್ಕೆ, ಇನ್ನೊಂದರದು ಮೇಲ್ಮಣ್ಣಿನಲ್ಲಿ. ಒಂದೇ ನೆಲದಲ್ಲಿ ಹಲವರ ಸಂಸಾರ. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಒಂದನ್ನೇ ಸಾಲಾಗಿ ನೆಟ್ಟ ತೋಟಕ್ಕೂ ಇದಕ್ಕೂ ಇರುವ ವ್ಯತ್ಯಾಸ ಹಕ್ಕಿಗಳಿಗೆ ಗೊತ್ತು. (ಸಿಲ್ವರ್ ಓಕ್ ನೆಟ್ಟವರು ಬೇಸರಿಸಬೇಡಿ, ಮೆಣಸಿನ ರೇಟು ನನಗೂ ಗೊತ್ತು.)

ಆ ಹತ್ತು ಸೆಂಟ್ಸಿನಲ್ಲಿ ಇದನ್ನೇ ಸಣ್ಣದಾಗಿ ಮಾಡಬಹುದು. ಹಿಂಬದಿಗೆ ಒಂದು ನೇರಳೆ, ಒಂದು ಅತ್ತಿ, ಒಂದು ರಂಜೆ. ಅವುಗಳ ಮುಂದೆ ಪಾರಿಜಾತ, ಕರಿಬೇವು. ಅದಕ್ಕೂ ಮುಂದೆ ಕೇಪಳ, ನೆಕ್ಕರಿಕ, ಕಾಡುಮಲ್ಲಿಗೆ. ನೆಲಕ್ಕೆ ತುಂಬೆ, ಒಂದೆಲಗ, ಗರಿಕೆ. ಸಾಲಾಗಿ ಬೇಡ, ಕಾಡಿನಲ್ಲಿರುವಂತೆ ಗುಂಪುಗುಂಪಾಗಿ, ಮಣ್ಣು ಕಾಣದಷ್ಟು ಒತ್ತಾಗಿ. ಬರಿ ನೆಲ ಬಿಟ್ಟರೆ ಕಳೆ ಬಂದು ಕೂರುತ್ತದೆ, ಗಿಡಗಳೇ ನೆಲ ಮುಚ್ಚಿದರೆ ಅದಕ್ಕೆ ಜಾಗವಿಲ್ಲ. ಬಿದ್ದ ಎಲೆಗೆ ಬೆಂಕಿ ಹಾಕುವಂತಿಲ್ಲ, ಅದೇ ಗೊಬ್ಬರ.

ಸುಮ್ಮನೆ ಬಿಟ್ಟುಬಿಡುವುದು ಬೇರೆ, ಇದು ಬೇರೆ. ಸುಮ್ಮನೆ ಬಿಟ್ಟರೆ ಲಂಟಾನ ಮತ್ತು ಕಮ್ಯುನಿಸ್ಟ್ ಗಿಡ ಎರಡೇ ವರ್ಷದಲ್ಲಿ ಎಲ್ಲವನ್ನೂ ನುಂಗುತ್ತವೆ. ಅವು ಹೊರದೇಶದಿಂದ ಬಂದವು, ಬೇರು ಸಮೇತ ಕೀಳಬೇಕು. ಮೊದಲ ಎರಡು ಮೂರು ವರ್ಷ ಬೆನ್ನು ಬಾಗಿಸಿ ಕೆಲಸ ಮಾಡಬೇಕು. ಯಾವುದು ಕಳೆ, ಯಾವುದು ಸಸಿ ಎಂದು ಹಿರಿಯರು ಮಕ್ಕಳಿಗೆ ತೋರಿಸಬೇಕು. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥ ಹುಳು ಕಂಡರೆ ತಾಯಂದಿರು ಔಷಧ ಹೊಡೆಯಬಾರದು. ಅದು ಆಮೇಲೆ ಹಸಿರಾಗಿ, ಕೊನೆಗೆ ಚಿಟ್ಟೆಯಾಗಿ ಹಾರುತ್ತದೆ. ಒಂದೆರಡು ಎಲೆ ಹೋದರೆ ಹೋಗಲಿ.

ಹಾವಿನ ಭಯ ಹಲವರಿಗಿದೆ. ಅದಕ್ಕೆ ಸಮಾಧಿಸ್ಥಳದ ದಾರಿಯ ಎರಡೂ ಬದಿಗೆ ಮೂರಡಿ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ ಓರಣವಾಗಿ ಇಡೋಣ. ಕಾಲಿಡುವಲ್ಲಿ ನೆಲ ಕಾಣುತ್ತದೆ. ನೋಡಿದವರಿಗೂ ಇದು ಪಾಳು ಜಾಗವಲ್ಲ, ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂದು ತಿಳಿಯುತ್ತದೆ. ಕಾರುಗಳ ವಿಷಯ ಮಾತ್ರ ನಿಜವಾದ ಕಷ್ಟ. ವಯಸ್ಸಾದವರನ್ನು ಗೇಟಿನಿಂದ ಮಳೆಯಲ್ಲಿ ನಡೆಸಲಾಗದು. ಅವರ ಕಾರುಗಳಿಗೆ ದೇವಾಲಯದ ಮುಂದೆಯೇ ಜಾಗ ಬಿಟ್ಟು, ಕಾಲು ಗಟ್ಟಿಯಿರುವವರು ಹೊರಗೆ ನಿಲ್ಲಿಸಿ ಬರಬಹುದೇ? ನೀವು ಒಪ್ಪದಿದ್ದರೆ ನಾನು ಬಲವಂತ ಮಾಡುವುದಿಲ್ಲ. ಯಾರನ್ನೂ ಕೇಳದೆ ಒಮ್ಮೆ ತೀರ್ಮಾನಿಸಿದ್ದರ ಫಲ ನೋಡಿಯಾಗಿದೆ. ನಿಮ್ಮ ಅಭಿಪ್ರಾಯವನ್ನು ಶನಿವಾರದೊಳಗೆ ವಾರ್ಡಿನ ಗುರಿಕಾರರಿಗೆ ತಿಳಿಸಿ. ಒಪ್ಪುವುದಾದರೆ ಬರುವ ಜೂನಿನಲ್ಲಿ ಮೊದಲ ಮಳೆ ಬಿದ್ದ ಕೂಡಲೇ ಪ್ರತಿ ವಾರ್ಡು ಸಸಿ ತರಲಿ.

ಒಂದು ಮಾತು ಉಳಿಯಿತು. ಇಂದು ಬೆಳಿಗ್ಗೆ ಹೂವಿನ ಬುಟ್ಟಿಗಳ ನಡುವೆ ಒಂದು ಹಿಡಿ ತುಂಬೆ ಹೂ ಇತ್ತು. ಯಾರು ತಂದರೆಂದು ಗೊತ್ತಾಗಲಿಲ್ಲ, ಎಲ್ಲಿಂದ ಎಂದು ಹುಡುಕಿಕೊಂಡು ಹೋದೆ. ಸಮಾಧಿಸ್ಥಳದ ಹಿಂದಿನ ಗೋಡೆಯ ಬುಡದಲ್ಲಿ, ನನ್ನ ಕಳೆನಾಶಕ ತಲುಪದ ಕಡೆ, ಐದಾರು ಗಿಡ ಇನ್ನೂ ಇವೆ. ನವೆಂಬರ್ 2ರ ಮೃತರ ಸ್ಮರಣೆಗಾಗಿ ಸಮಾಧಿಗಳನ್ನು ಶುಚಿಗೊಳಿಸುವಾಗ ದಯವಿಟ್ಟು ಅವನ್ನು ಕೀಳಬೇಡಿ. ಬೀಜ ಕಟ್ಟಲಿ. ಆಮೆನ್.