ಮೇಷ್ಟ್ರನ್ನು ಪರೀಕ್ಷಿಸುವವರು ಯಾರು?



ಊರಿನ ಶಾಲೆಗೆ ಹೊಸ ಮೇಷ್ಟ್ರು ಬಂದರೆಂದರೆ ಜಗಲಿಯ ಮೇಲೆ ಕೂತವರು ಎರಡು ಪ್ರಶ್ನೆ ಕೇಳುತ್ತಿದ್ದರು. ಒಂದು, ಟಿ.ಸಿ.ಎಚ್. ಆಗಿದೆಯೋ ಬಿ.ಎಡ್. ಆಗಿದೆಯೋ. ಇನ್ನೊಂದು, ಮನುಷ್ಯ ಹೇಗೆ. ಮೊದಲನೆಯದಕ್ಕೆ ಉತ್ತರ ಸರ್ಟಿಫಿಕೇಟಿನಲ್ಲಿ ಸಿಗುತ್ತಿತ್ತು. ಎರಡನೆಯದಕ್ಕೆ ಆರು ತಿಂಗಳಾದರೂ ಕಾಯಬೇಕಿತ್ತು. ಈ ಎರಡು ಪ್ರಶ್ನೆಗಳನ್ನೂ ಒಟ್ಟಿಗೇ ಕೇಳಬೇಕು, ಮೇಷ್ಟ್ರು ತರಗತಿಗೆ ಕಾಲಿಡುವ ಮೊದಲೇ ಕೇಳಬೇಕು ಎಂದು ಹಟ ಹಿಡಿದ ಒಂದು ಶಾಲಾ ಪರಂಪರೆ ಇದೆ. ಅದು ಲೂಥರನ್ ಶಾಲೆಗಳದ್ದು. ಅದರ ಕಥೆ ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆಯಿತು. ನಡುವೆ ನಮ್ಮ ಕರಾವಳಿಯನ್ನೂ ಮುಟ್ಟಿತು.

ಮಾರ್ಟಿನ್ ಲೂಥರ್ ವಿಟೆನ್‌ಬರ್ಗಿನಲ್ಲಿ ಧರ್ಮಸುಧಾರಣೆಗೆ ಕೈಹಾಕಿದ್ದು 1517ರಲ್ಲಿ. ಅದರ ಮೊದಲ ಏಟುಗಳಲ್ಲೊಂದು ಬಿದ್ದದ್ದು ಶಾಲೆಗಳ ಮೇಲೆ. ಅಲ್ಲಿಯವರೆಗೆ ಓದುಬರಹಕ್ಕೆ ಮಠಗಳ ಆಸರೆಯಿತ್ತು. ಆ ಮಠಗಳು ಬರಿದಾದವು. ಓದಿದ ಹುಡುಗ ಪಾದ್ರಿಯೋ ಸನ್ಯಾಸಿಯೋ ಆಗಿ ಅನ್ನದ ದಾರಿ ಕಂಡುಕೊಳ್ಳುತ್ತಿದ್ದ. ಆ ದಾರಿಯೂ ಕಿರಿದಾಯಿತು. ಹಾಗಾದರೆ ಓದಿಸುವುದು ಯಾಕೆ ಎಂದು ತಂದೆತಾಯಿಗಳು ಮಕ್ಕಳನ್ನು ಶಾಲೆ ಬಿಡಿಸಿದರು. 1524ರಲ್ಲಿ ಲೂಥರ್ ಜರ್ಮನಿಯ ನಗರಸಭೆಗಳಿಗೆ ಒಂದು ಬಹಿರಂಗ ಪತ್ರ ಬರೆದ. ಬಂದೂಕು, ರಸ್ತೆ, ಸೇತುವೆ, ಒಡ್ಡುಗಳಿಗೆ ವರ್ಷವರ್ಷವೂ ಸುರಿಯುವ ಹಣದಲ್ಲಿ ಒಂದಿಷ್ಟನ್ನು ಒಬ್ಬಿಬ್ಬರು ಒಳ್ಳೆಯ ಮೇಷ್ಟ್ರುಗಳಿಗಾಗಿ ಯಾಕೆ ಖರ್ಚು ಮಾಡಬಾರದು ಎಂಬುದು ಅದರ ತಿರುಳು. ಐನೂರು ವರ್ಷ ಹಳೆಯ ಈ ಪ್ರಶ್ನೆಯನ್ನು ನಮ್ಮ ಬಜೆಟ್ಟುಗಳ ಮುಂದೆ ಇವತ್ತೂ ಇಡಬಹುದು.

ನಾಲ್ಕು ವರ್ಷದಲ್ಲಿ ಪತ್ರ ವ್ಯವಸ್ಥೆಯಾಯಿತು. ಸ್ಯಾಕ್ಸನಿಯಲ್ಲಿ ಊರೂರು ಸುತ್ತಿ ಲೂಥರನ್ ಪಾದ್ರಿಗಳಾದ ಸಭಾಪಾಲಕರನ್ನೂ ಶಾಲೆಗಳನ್ನೂ ತನಿಖೆ ಮಾಡುವ ತಂಡಗಳು ಹೊರಟವು. ಆ ತಂಡಗಳಿಗಾಗಿ ಲೂಥರನ ಒಡನಾಡಿ ಫಿಲಿಪ್ ಮೆಲಾಂಕ್ಟನ್ 1528ರಲ್ಲಿ ಬರೆದ ಕೈಪಿಡಿಯಲ್ಲಿ ಮಕ್ಕಳನ್ನು ಮೂರು ಗುಂಪಾಗಿ ಕೂರಿಸುವ ಕ್ರಮವೂ ಇತ್ತು, ಯಾವ ಗುಂಪಿಗೆ ಯಾವ ಪಾಠ ಎಂಬ ವಿವರವೂ ಇತ್ತು. ಅದೇ ವರ್ಷ ಅದೇ ಬಳಗದ ಯೋಹಾನೆಸ್ ಬುಗೆನ್‌ಹಾಗೆನ್ ಬ್ರೌನ್‌ಷ್ವೈಗ್ ನಗರಕ್ಕೆ ಬರೆದುಕೊಟ್ಟ ಸಭಾನಿಯಮದಲ್ಲಿ ಹೆಣ್ಣುಮಕ್ಕಳ ಶಾಲೆಗಳಿಗೂ ಜಾಗ ಸಿಕ್ಕಿತು. ತನಿಖೆಯ ವೇಳೆ ಹಳ್ಳಿಗಳಲ್ಲಿ ಕಂಡ ಅಜ್ಞಾನದಿಂದ ನೊಂದು ಲೂಥರ್ 1529ರಲ್ಲಿ ತನ್ನ ‘ಕಿರು ಪ್ರಶ್ನೋತ್ತರ’ವನ್ನು ಹೊರತಂದ. ಮುಂದೆ ಶತಮಾನಗಳ ಕಾಲ ಲೂಥರನ್ ಮೇಷ್ಟ್ರ ಕೈಯಲ್ಲಿದ್ದ ಪುಸ್ತಕ ಅದು.

ಪುಸ್ತಕ ಬಂತು, ಕಲಿಸುವವನನ್ನು ತಯಾರು ಮಾಡುವ ಜಾಗ ಬರಲಿಲ್ಲ. ಹಳ್ಳಿಗಳಲ್ಲಿ ದೇವಾಲಯದ ಗಂಟೆ ಬಾರಿಸುವವನೇ ಮೇಷ್ಟ್ರು. ಎಷ್ಟೋ ಕಡೆ ಅವನೇ ದರ್ಜಿ, ಅವನೇ ನೇಕಾರ. ಮಕ್ಕಳು ಅಕ್ಷರ ತಿದ್ದುತ್ತಿದ್ದರೆ ಪಕ್ಕದಲ್ಲಿ ಕತ್ತರಿ ನಡೆಯುತ್ತಿತ್ತು. ಅವನನ್ನು ದೂರುವಂತಿಲ್ಲ, ಮೇಷ್ಟ್ರಿಗೆ ಸಿಗುವ ಕಾಳುಕಡ್ಡಿಯಲ್ಲಿ ಸಂಸಾರ ಸಾಗುತ್ತಿರಲಿಲ್ಲ.

ಇಲ್ಲಿಂದ ನಾವು ಹಾಲೆ ಎಂಬ ಊರಿಗೆ ಹೋಗಬೇಕು. 1695ರಲ್ಲಿ ಅಲ್ಲಿನ ಸಭಾಪಾಲಕ ಆಗಸ್ಟ್ ಹೆರ್ಮನ್ ಫ್ರಾಂಕೆಯ ಮನೆಯ ಕಾಣಿಕೆ ಪೆಟ್ಟಿಗೆಯಲ್ಲಿ ಯಾರೋ 4 ಥಾಲರ್ 16 ಗ್ರೋಷೆನ್ ಹಾಕಿ ಹೋಗಿದ್ದರು. ಫ್ರಾಂಕೆ ಅದನ್ನು ದಾನ ಎನ್ನಲಿಲ್ಲ, ಮೂಲಧನ ಎಂದ. ಆ ಹಣದಲ್ಲಿ ಪುಸ್ತಕ ಕೊಂಡು, ಬಡ ವಿದ್ಯಾರ್ಥಿಯೊಬ್ಬನನ್ನು ಪಾಠಕ್ಕೆ ನೇಮಿಸಿ, ಬಡಮಕ್ಕಳ ಶಾಲೆ ತೆರೆದ. ಮಕ್ಕಳು ಹೆಚ್ಚಿದಂತೆ ಮೇಷ್ಟ್ರುಗಳು ಸಾಲದಾದರು. ಆಗ ಆತನಿಗೆ ಹೊಳೆದ ಉಪಾಯ ಬಹಳ ಸರಳ: ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಬಡ ಹುಡುಗರಿಗೆ ಉಚಿತ ಊಟ, ಊಟ ಮಾಡಿದವರು ದಿನಕ್ಕೆ ಎರಡು ಗಂಟೆ ಮಕ್ಕಳಿಗೆ ಪಾಠ ಹೇಳಬೇಕು. ವಾರಾನ್ನ ಉಂಡು ಓದಿದ ಹಿರಿಯರ ನೆನಪಿರುವ ನಮಗೆ ಆ ಊಟದ ಬೆಲೆಯನ್ನು ವಿವರಿಸಬೇಕಿಲ್ಲ. ಆದರೆ ಫ್ರಾಂಕೆ ಅಲ್ಲಿಗೇ ನಿಲ್ಲಲಿಲ್ಲ. 1707ರಲ್ಲಿ ಆಯ್ದ ಹುಡುಗರಿಗಾಗಿ ಪ್ರತ್ಯೇಕ ಶಿಕ್ಷಕರ ಸೆಮಿನರಿ ಆರಂಭಿಸಿದ. ಎರಡು ವರ್ಷ ತರಬೇತಿ, ಆಮೇಲೆ ಕಡ್ಡಾಯವಾಗಿ ಮೂರು ವರ್ಷ ಪಾಠ. ಕಲಿಸುವುದನ್ನೂ ಕಲಿಯಬೇಕಾಗುತ್ತದೆ ಎಂಬ ಮಾತಿಗೆ ಹೀಗೆ ಒಂದು ಕಟ್ಟಡ, ಒಂದು ಅವಧಿ, ಒಂದು ಕರಾರು ಸಿಕ್ಕಿತು. ನಮ್ಮ ಇವತ್ತಿನ ತರಬೇತಿ ಕಾಲೇಜುಗಳ ಬೇರುಗಳಲ್ಲಿ ಒಂದು ಇಲ್ಲಿದೆ.

ಹಾಲೆಯಲ್ಲಿ ಓದಿದ ಬಾರ್ತೊಲೊಮೇಯುಸ್ ಝೀಗನ್‌ಬಾಲ್ಗ್ 1706ರಲ್ಲಿ ತಮಿಳು ಕರಾವಳಿಯ ತರಂಗಂಬಾಡಿಗೆ ಬಂದಿಳಿದ. ಮರುವರ್ಷವೇ ಹೆಣ್ಣುಮಕ್ಕಳಿಗೆ ಶಾಲೆ ತೆರೆದ. 1716ರಲ್ಲಿ ಸ್ಥಳೀಯ ಉಪದೇಶಿಗಳನ್ನೂ ಶಿಕ್ಷಕರನ್ನೂ ತಯಾರು ಮಾಡಲು ಅಲ್ಲೊಂದು ಸೆಮಿನರಿ ಆರಂಭವಾಯಿತು. ನಮ್ಮ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಕಟ್ಟುನಿಟ್ಟಾಗಿ ಲೂಥರನ್ ಸಂಸ್ಥೆಯಲ್ಲ. ಅದರಲ್ಲಿ ಬೇರೆ ಪ್ರಾಟೆಸ್ಟಂಟ್ ಪಂಗಡದವರೂ ಇದ್ದರು. ಆದರೆ ಹೆರ್ಮನ್ ಮೋಗ್ಲಿಂಗ್ ಅವರಂಥ ಹಲವರು ಬಂದದ್ದು ಲೂಥರನ್ ನಾಡಾದ ವ್ಯುರ್ಟೆಂಬರ್ಗಿನಿಂದ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ಅವರನ್ನು ನಾವು ಪತ್ರಕರ್ತರೆಂದು ನೆನೆಯುತ್ತೇವೆ. ಅವರು ಹುಡುಗರ ಜೊತೆ ಬದುಕಿ, ಕನ್ನಡದಲ್ಲೇ ಪಾಠ ಹೇಳಿ, ಉಪದೇಶಿಗಳನ್ನು ತಯಾರು ಮಾಡಿದ ಗುರುವೂ ಹೌದು. ಬಲ್ಮಠದ ಗುಡ್ಡದ ಮೇಲೆ 1847ರಲ್ಲಿ ನೆಲೆಗೊಂಡ ಸೆಮಿನರಿಯ ಹಿಂದೆ ಇದ್ದದ್ದು ಆ ಸಹವಾಸದ ಶಿಕ್ಷಣ.

ಅತ್ತ ಜರ್ಮನಿಯಲ್ಲಿ ಪರೀಕ್ಷೆಯ ಅಧಿಕಾರ ಮೆಲ್ಲನೆ ಕೈಬದಲಾಯಿತು. 1748ರಲ್ಲಿ ಬರ್ಲಿನ್ನಿನಲ್ಲಿ ಶಿಕ್ಷಕರ ಸೆಮಿನರಿ ತೆರೆದ ಯೋಹಾನ್ ಯೂಲಿಯುಸ್ ಹೆಕರ್ ಒಬ್ಬ ಸಭಾಪಾಲಕ. 1763ರ ಪ್ರಷ್ಯದ ಗ್ರಾಮಶಾಲಾ ಕಾಯಿದೆಯ ಕರಡು ಬರೆದವನೂ ಅವನೇ. 1810ರಲ್ಲಿ ಪ್ರೌಢಶಾಲೆಯ ಶಿಕ್ಷಕರಿಗೆ ಸರ್ಕಾರಿ ಪರೀಕ್ಷೆ ಬಂತು. 1872ರ ಕಾಯಿದೆ ಶಾಲೆಗಳ ಮೇಲ್ವಿಚಾರಣೆಯನ್ನೇ ಸರ್ಕಾರದ್ದೆಂದು ಸಾರಿತು.

ಅಷ್ಟು ಹೊತ್ತಿಗೆ ಕಥೆಯ ಇನ್ನೊಂದು ಕವಲು ಸಮುದ್ರ ದಾಟಿತ್ತು. ತಮ್ಮ ನಂಬಿಕೆಯನ್ನು ಸರ್ಕಾರ ತಿದ್ದುವುದನ್ನು ಸಹಿಸಲಾರದ ಸ್ಯಾಕ್ಸನಿಯ ಲೂಥರನ್ನರು 1838ರ ಕೊನೆಯಲ್ಲಿ ಐದು ಹಡಗುಗಳಲ್ಲಿ ಅಮೆರಿಕಕ್ಕೆ ಹೊರಟರು. ಅಮಾಲಿಯಾ ಎಂಬ ಹಡಗು ದಡ ಸೇರಲೇ ಇಲ್ಲ. ಉಳಿದವರಲ್ಲಿ ಹೆಚ್ಚಿನವರು ಮಿಸ್ಸೂರಿಯ ಪೆರ್ರಿ ಕೌಂಟಿಯಲ್ಲಿ ಕಾಡು ಕಡಿದು ನೆಲೆನಿಂತರು. ಜ್ವರ, ಹಸಿವು, ತಮ್ಮನ್ನು ಕರೆತಂದ ಮುಂದಾಳುವಿನ ಮೇಲಿನ ನಂಬಿಕೆ ಕುಸಿದ ನೋವು, ಇಷ್ಟರ ನಡುವೆ 1839ರ ಡಿಸೆಂಬರಿನಲ್ಲಿ ಮರದ ದಿಮ್ಮಿಗಳ ಒಂದೇ ಕೋಣೆಯಲ್ಲಿ ಅವರು ಶಾಲೆ ತೆರೆದರು. ಆ ಕೋಣೆಯನ್ನು ಆಲ್ಟೆನ್‌ಬರ್ಗಿನಲ್ಲಿ ಇವತ್ತಿಗೂ ಕಾಪಾಡಿಕೊಂಡಿದ್ದಾರೆ. 1847ರಲ್ಲಿ ಲೂಥರನ್ ಸಭೆಗಳು ಸೇರಿ, ಮುಂದೆ ಮಿಸ್ಸೂರಿ ಸಿನಡ್ ಎಂದು ಹೆಸರಾದ ಒಕ್ಕೂಟ ಕಟ್ಟಿದಾಗ, ಮಕ್ಕಳ ಕ್ರೈಸ್ತ ಶಿಕ್ಷಣಕ್ಕೆ ಏರ್ಪಾಡು ಮಾಡುವುದು ಸದಸ್ಯತ್ವದ ಷರತ್ತುಗಳಲ್ಲೊಂದಾಯಿತು.

ಶಾಲೆ ಷರತ್ತಾದ ಮೇಲೆ ಶಿಕ್ಷಕರನ್ನು ಕೊಡುವ ಹೊಣೆಯೂ ಒಕ್ಕೂಟದ್ದೇ. 1855ರಲ್ಲಿ ಮಿಲ್ವಾಕಿಯಲ್ಲಿ ಕೆಲವು ಸಭಾಪಾಲಕರು ಖಾಸಗಿಯಾಗಿ ಶಿಕ್ಷಕರ ಸೆಮಿನರಿ ಶುರುಮಾಡಿದರು. ಅದು 1857ರಲ್ಲಿ ಫೋರ್ಟ್ ವೇನಿಗೆ, 1864ರಲ್ಲಿ ಇಲಿನಾಯ್ಸಿನ ಆಡಿಸನ್ನಿಗೆ, 1913ರಲ್ಲಿ ಷಿಕಾಗೋ ಬಳಿಯ ರಿವರ್ ಫಾರೆಸ್ಟಿಗೆ ಹೋಯಿತು. ಇಂದಿನ ಷಿಕಾಗೋ ಕಾಂಕಾರ್ಡಿಯಾ ವಿಶ್ವವಿದ್ಯಾಲಯ ಅದೇ. ಆಡಿಸನ್ನಿನಲ್ಲಿ ಓದಿದ ಹುಡುಗ ಗಣಿತ, ಭೂಗೋಳ, ಪ್ರಶ್ನೋತ್ತರಗಳ ಜೊತೆಗೆ ಸಂಗೀತವನ್ನೂ ಕಲಿಯಬೇಕಿತ್ತು. ಯಾಕೆಂದರೆ ವಾರವಿಡೀ ಪಾಠ ಹೇಳುವ ಮೇಷ್ಟ್ರೇ ಭಾನುವಾರ ದೇವಾಲಯದಲ್ಲಿ ಆರ್ಗನ್ ನುಡಿಸಬೇಕಿತ್ತು, ಹಾಡುವವರನ್ನು ನಡೆಸಬೇಕಿತ್ತು. ಅಲ್ಲಿನ ಮೊದಲ ನಿರ್ದೇಶಕ ಲಿಂಡೆಮನ್ನರ ಕಾಲದಲ್ಲಿ, 1865ರಲ್ಲಿ, ಶಿಕ್ಷಕರಿಗಾಗಿಯೇ ಶುರುವಾದ ಜರ್ಮನ್ ಮಾಸಿಕ ಭಾಷೆ ಬದಲಿಸಿ ಹೆಸರು ಬದಲಿಸಿ ಬಾಳಿತು. 1894ರಲ್ಲಿ ನೆಬ್ರಾಸ್ಕದ ಸೆವಾರ್ಡಿನಲ್ಲಿ ಇನ್ನೊಂದು ಸೆಮಿನರಿ ಬಂತು.

ಆ ನೆಬ್ರಾಸ್ಕದಲ್ಲೇ ಒಬ್ಬ ಮೇಷ್ಟ್ರ ಪರೀಕ್ಷೆ ನಡೆಯಿತು, ಯಾವ ಸೆಮಿನರಿಯೂ ಕೊಡದಂಥ ಪರೀಕ್ಷೆ. ಮೊದಲ ಮಹಾಯುದ್ಧದಿಂದ ಅಮೆರಿಕದಲ್ಲಿ ಜರ್ಮನ್ ಎಂದರೆ ಸಿಡಿಮಿಡಿ. 1919ರಲ್ಲಿ ನೆಬ್ರಾಸ್ಕ, ಎಂಟನೆಯ ತರಗತಿ ದಾಟದ ಮಕ್ಕಳಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವುದನ್ನು ಅಪರಾಧವಾಗಿಸಿತು. ಹ್ಯಾಂಪ್ಟನ್ನಿನ ಝಿಯೋನ್ ಲೂಥರನ್ ಶಾಲೆಯಲ್ಲಿ ರಾಬರ್ಟ್ ಮೇಯರ್ ಮೇಷ್ಟ್ರು. ಮಕ್ಕಳು ತಂದೆತಾಯಿಯ ಜೊತೆ ಕೂತು ಆರಾಧನೆಯಲ್ಲಿ ಪಾಲ್ಗೊಳ್ಳಬೇಕಾದರೆ ಜರ್ಮನ್ ಬೇಕು. ಅದಕ್ಕಾಗಿ ಮಧ್ಯಾಹ್ನದ ಬಿಡುವಿನಲ್ಲಿ ಬೈಬಲ್ ಕಥೆಗಳನ್ನು ಜರ್ಮನ್ನಿನಲ್ಲಿ ಓದಿಸುತ್ತಿದ್ದರು. 1920ರ ಮೇ 25ರಂದು ಕೌಂಟಿಯ ಸರ್ಕಾರಿ ವಕೀಲ ತರಗತಿಯ ಒಳಕ್ಕೇ ಬಂದು ನಿಂತ. ಮೇಯರ್ ಇಂಗ್ಲಿಷಿಗೆ ಹೊರಳಿಬಿಡಬಹುದಿತ್ತು. ಹಿಂಜರಿಯಬಾರದೆಂದು ತನಗೆ ತಾನೇ ಹೇಳಿಕೊಂಡು ಜರ್ಮನ್ನಿನಲ್ಲೇ ಮುಂದುವರಿದರು. ಹತ್ತು ವರ್ಷದ ಹುಡುಗನೊಬ್ಬ ಓದಿದ. ಮೇಷ್ಟ್ರಿಗೆ 25 ಡಾಲರ್ ದಂಡ ಬಿತ್ತು. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟ್ ಹತ್ತಿತು. 1923ರ ಜೂನ್ 4ರಂದು ನ್ಯಾಯಾಲಯ ಶಿಕ್ಷೆಯನ್ನು ರದ್ದುಮಾಡಿ, ಕಲಿಸುವ ಶಿಕ್ಷಕನ ಹಕ್ಕನ್ನೂ ಮಕ್ಕಳಿಗೆ ಪಾಠ ಹೇಳಿಸುವ ತಂದೆತಾಯಿಯ ಹಕ್ಕನ್ನೂ ಎತ್ತಿಹಿಡಿಯಿತು. ಶಾಲೆಯ ಭಾಷೆಗಾಗಿ ಬೀದಿಗಿಳಿದು ಗೊತ್ತಿರುವ ಕನ್ನಡಿಗರಿಗೆ ಆ ಮಧ್ಯಾಹ್ನದ ತರಗತಿ ದೂರದ್ದಲ್ಲ.

ಇದಕ್ಕೆ ಕೆಲವು ವರ್ಷ ಮೊದಲು ದಕ್ಷಿಣದ ಅಲಬಾಮದಲ್ಲಿ ರೋಸಾ ಯಂಗ್ ಎಂಬ ಕಪ್ಪು ಮಹಿಳೆ ಬಡಮಕ್ಕಳ ಶಾಲೆಯೊಂದನ್ನು ಉಳಿಸಿಕೊಳ್ಳಲು ಹೆಣಗುತ್ತಿದ್ದರು. ಗುಲಾಮರಾಗಿದ್ದವರ ಮೊಮ್ಮಕ್ಕಳ ಶಾಲೆ ಅದು. 1912ರಲ್ಲಿ ರೋಸ್‌ಬಡ್ಡಿನಲ್ಲಿ ಆರಂಭವಾಗಿತ್ತು. ಹತ್ತಿಗೆ ಹುಳ ಬಿದ್ದು ಬೆಳೆ ಹಾಳಾಯಿತು, ಫೀಸು ಕೊಡಲು ಯಾರಲ್ಲೂ ಕಾಸಿಲ್ಲ. ಅವರು ಕಪ್ಪು ಜನರ ಶಿಕ್ಷಣದ ಮುಂದಾಳು ಬುಕರ್ ಟಿ. ವಾಷಿಂಗ್ಟನ್ನರಿಗೆ ಬರೆದರು, ಲೂಥರನ್ನರನ್ನು ಕೇಳಿ ನೋಡಿ ಎಂದು ಆತ ಮಾರೋಲೆ ಕಳಿಸಿದರು. ಕೇಳಿದ್ದು ಫಲಿಸಿತು. ಮುಂದೆ ಆ ಸೀಮೆಯಲ್ಲಿ ಸಾಲುಸಾಲು ಶಾಲೆಗಳೆದ್ದವು, 1922ರಲ್ಲಿ ಸೆಲ್ಮಾದಲ್ಲಿ ಶಿಕ್ಷಕರನ್ನೂ ಸಭಾಪಾಲಕರನ್ನೂ ತಯಾರು ಮಾಡುವ ಕಾಲೇಜು ಹುಟ್ಟಿತು. ರೋಸಾ ಯಂಗ್ ಲೂಥರನ್ ಸೆಮಿನರಿಯಲ್ಲಿ ಓದಿದವರಲ್ಲ. ಹೊರಗಿನಿಂದ ಬಂದು, ಶಾಲೆ ಕಟ್ಟಿ, ಒಳಗಿನವರಿಗೇ ದಾರಿ ತೋರಿದವರು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅವರಿಗಿಂತ ದೊಡ್ಡ ಶಿಕ್ಷಕರಿಲ್ಲ.

ಹಾಗೆ ಹೊರಗಿನಿಂದ ಬರುವವರಿಗಾಗಿ ಸಿನಡ್ ಒಂದು ಬಾಗಿಲನ್ನು ಇಟ್ಟುಕೊಂಡಿದೆ. ಅದನ್ನು ‘ಕಲೊಕ್ವಿ’ ಎನ್ನುತ್ತಾರೆ. ಲ್ಯಾಟಿನ್ ಮೂಲದಲ್ಲಿ ‘ಸಂವಾದ’ ಎಂದರ್ಥ. ಬೇರೆಲ್ಲೋ ಓದಿ ಸರ್ಕಾರಿ ಪ್ರಮಾಣಪತ್ರ ಪಡೆದ ಶಿಕ್ಷಕಿ ಬೈಬಲ್, ಲೂಥರನ್ ಬೋಧನೆ, ಸಭೆಯ ಇತಿಹಾಸಗಳನ್ನು ಕಾಲೇಜು ಮಟ್ಟದಲ್ಲಿ ಓದಬೇಕು. ಕೊನೆಗೆ ಹಿರಿಯರ ಮುಂದೆ ಕೂತು ಮೌಖಿಕ ಪರೀಕ್ಷೆ ಎದುರಿಸಬೇಕು. ಗೆದ್ದವರನ್ನು ಸಭೆಯೊಂದು ಮತ ಹಾಕಿ ಕರೆಯಬಹುದು. ‘ಕರೆ ಪಡೆದ ಶಿಕ್ಷಕಿ’ ಎಂಬ ಪದವಿ ಬರುವುದು ಆಗ.

ಶಾಲೆಗಳಿಗೂ ಪರೀಕ್ಷೆ ಉಂಟು. ರಾಷ್ಟ್ರೀಯ ಲೂಥರನ್ ಶಾಲಾ ಮಾನ್ಯತಾ ವ್ಯವಸ್ಥೆಯಲ್ಲಿ ಶಾಲೆ ಮೊದಲು ತನ್ನನ್ನು ತಾನೇ ತೂಗಿ ನೋಡಿ ಬರೆಯುತ್ತದೆ: ಉದ್ದೇಶ, ನಾಯಕತ್ವ, ಶಿಕ್ಷಕರ ಅರ್ಹತೆ, ಪಾಠಪ್ರವಚನ, ಕಟ್ಟಡ. ಆಮೇಲೆ ಹೊರಗಿನ ತಂಡ ಬಂದು ತರಗತಿಗಳಲ್ಲಿ ಕೂತು, ಬರೆದದ್ದಕ್ಕೂ ಕಂಡದ್ದಕ್ಕೂ ತಾಳೆ ನೋಡುತ್ತದೆ. ಒಳ್ಳೆಯ ಶಿಕ್ಷಕರೆಲ್ಲ ಒಳ್ಳೆಯ ಮುಖ್ಯೋಪಾಧ್ಯಾಯರಾಗುವುದಿಲ್ಲ. ಹಾಗಾಗಿ ಮುಖ್ಯೋಪಾಧ್ಯಾಯರಿಗೆಂದೇ ಬೇರೆ ತರಬೇತಿಗಳೂ ಬಂದಿವೆ.

‘ಕರೆ ಪಡೆದ ಶಿಕ್ಷಕಿ’ ಎಂಬ ಆ ಪದವಿಗೆ ಇನ್ನೊಂದು ಮುಖವೂ ಇದೆ. ಮಿಷಿಗನ್ನಿನ ರೆಡ್‌ಫರ್ಡಿನ ಹೊಸನ್ನಾ ತಾಬೋರ್ ಶಾಲೆಯಲ್ಲಿ ಕಲೊಕ್ವಿ ಮುಗಿಸಿ ಕರೆ ಪಡೆದ ಶಿಕ್ಷಕಿಯೊಬ್ಬರು ಕಾಯಿಲೆ ಬಿದ್ದು ರಜೆಯ ಮೇಲಿದ್ದರು. ಮತ್ತೆ ಕೆಲಸಕ್ಕೆ ಸೇರುವ ವಿಷಯದಲ್ಲಿ ತಕರಾರಾಗಿ, ಕಾನೂನಿನ ಮೊರೆ ಹೋಗುವೆನೆಂದರು. ಸಭೆ ಮತ ಹಾಕಿ ಕರೆಯನ್ನು ಹಿಂದಕ್ಕೆ ಪಡೆಯಿತು. 2012ರ ಜನವರಿ 11ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು: ಆಕೆ ಧರ್ಮಸೇವಕಿ, ಯಾರು ತನ್ನ ಸೇವಕರು ಎಂಬುದನ್ನು ಸಭೆಯೇ ನಿರ್ಧರಿಸಬೇಕು, ಉದ್ಯೋಗದಲ್ಲಿನ ತಾರತಮ್ಯ ತಡೆಯುವ ಕಾನೂನು ಅಲ್ಲಿಗೆ ಬರುವಂತಿಲ್ಲ. ಮೇಯರ್ ಮೇಷ್ಟ್ರನ್ನು ಕಾಪಾಡಿದ ಸ್ವಾತಂತ್ರ್ಯದ ಜೊತೆಗೆ ಇದನ್ನೂ ಇಟ್ಟು ನೋಡಬೇಕು. ಆಕೆಯನ್ನು ಎತ್ತರಕ್ಕೇರಿಸಿದ ಪದವಿಯೇ ನ್ಯಾಯಾಲಯದ ಬಾಗಿಲನ್ನು ಮುಚ್ಚಿತು. ಸಭೆಯ ಸ್ವಾತಂತ್ರ್ಯವನ್ನು ನಾನು ಗೌರವಿಸುತ್ತೇನೆ. ಆದರೂ ಆ ಶಿಕ್ಷಕಿಯ ಸಂಕಟ ನನ್ನನ್ನು ಬಿಡುವುದಿಲ್ಲ.

ಈಚೆಗೆ ಸಿನಡ್‌ನ ಕಾಲೇಜುಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. 2018ರಲ್ಲಿ ರೋಸಾ ಯಂಗರ ಶ್ರಮದ ಸೆಲ್ಮಾ, 2020ರಲ್ಲಿ ಪೋರ್ಟ್‌ಲೆಂಡ್, 2021ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ವಿಲ್. ಹಾಗಾಗಿ ಕಲೊಕ್ವಿಯ ಬಾಗಿಲಿನ ಮಹತ್ವ ಹೆಚ್ಚಿದೆ. ಆ ಬಾಗಿಲು ದಾಟಿ, ಮೌಖಿಕ ಪರೀಕ್ಷೆಯಲ್ಲಿ ಗೆದ್ದು ಮನೆಗೆ ಬಂದವರಿಗೆ ಒಂದು ದಿನ ಸಭೆಯ ಕಾಗದ ಬರುತ್ತದೆ: ನಾವು ಮತ ಹಾಕಿ ನಿಮ್ಮನ್ನು ಆರಿಸಿದ್ದೇವೆ, ಬನ್ನಿ ಎಂದು. ಅದಕ್ಕೆ ಒಡನೆ ಉತ್ತರ ಬರೆಯಬೇಕಿಲ್ಲ. ಕೆಲವು ವಾರ ಇಟ್ಟುಕೊಂಡು ಯೋಚಿಸಬಹುದು, ಮನೆಯವರನ್ನು ಕೇಳಬಹುದು, ಪ್ರಾರ್ಥಿಸಬಹುದು. ಬರುತ್ತೇನೆ ಎನ್ನಬಹುದು, ಇರುವಲ್ಲಿನ ಮಕ್ಕಳನ್ನು ಬಿಟ್ಟು ಬರಲಾರೆ ಎಂದೂ ಬರೆಯಬಹುದು.